ಹಸಿರು ಚೌಕ ಹಿಡಿದದ್ದು

ಮಸುಕಾದ ಫೋಟೋ ನನ್ನ ಸ್ಟುಡಿಯೋದ ಹೊಸಿಲು ದಾಟಬಾರದು ಎಂಬುದು ಹುಣಸೂರಿನಲ್ಲಿ ಅಂಗಡಿ ಹಾಕಿದ ದಿನದಿಂದ ನಾನು ಪಾಲಿಸಿಕೊಂಡು ಬಂದ ನೇಮ. ರೀಲಿನ ಕಾಲದಲ್ಲಿ ಕೈ ಅಲುಗಿದ ಪ್ರಿಂಟುಗಳನ್ನು ಗಿರಾಕಿ ಬರುವ ಮುಂಚೆಯೇ ಹರಿದು ಒಲೆಗೆ ಹಾಕುತ್ತಿದ್ದೆ. ಈಗ ಒಲೆಯ ಕೆಲಸವನ್ನು ಕ್ಯಾಮೆರಾದ ಬೆನ್ನಿನಲ್ಲಿರುವ ಒಂದು ಗುಂಡಿ ಮಾಡುತ್ತದೆ. ಮದುವೆಮನೆಯಲ್ಲಿ ಮೊದಲ ಪಂಕ್ತಿ ಏಳುವುದರೊಳಗೆ ನಾನು ಕೈತೊಳೆಯುವ ಜಾಗದ ಪಕ್ಕ ನಿಂತು ಕಣ್ಣು ಮುಚ್ಚಿದವರು, ಮಸುಕಾದವರು, ಅಡ್ಡ ಬಂದವರು ಎಲ್ಲರನ್ನೂ ಅಳಿಸಿ ಮುಗಿಸಿರುತ್ತಿದ್ದೆ. ಈ ಶುಚಿತನದ ಬಗ್ಗೆ ನನಗೆ ಒಳ್ಳೆಯ ಜಂಬವಿತ್ತು. ಆ ಜಂಬವೇ ನನ್ನ ಅಕ್ಕನ ಗಂಡನ ಹೆಸರು ಕೆಡಿಸಿತು. ಯಾರಿಗೂ ಸರಿಯಾಗಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಿರರ್‌ಲೆಸ್ ಕ್ಯಾಮೆರಾ ಕೊಂಡು ನಾಲ್ಕು ವರ್ಷವಾಯಿತು. ಹಳೆಯ ಕ್ಯಾಮೆರಾದ ಹೊಟ್ಟೆಯಲ್ಲಿ ಕನ್ನಡಿಯೊಂದು ಟಪಟಪನೆ ಎದ್ದು ಬೀಳುತ್ತಿತ್ತು, ಇದರಲ್ಲಿ ಅದಿಲ್ಲ. ಕಣ್ಣಿಟ್ಟರೆ ಸಣ್ಣದೊಂದು ಪರದೆ, ಪರದೆಯ ಮೇಲೆ ಒಂದು ಹಸಿರು ಚೌಕ. ಚೌಕ ಯಾವುದರ ಮೇಲೆ ಕೂರುತ್ತದೋ ಅದು ಸ್ಪಷ್ಟ, ಉಳಿದದ್ದು ಮಸುಕು. ಮೆನುವಿನಲ್ಲಿ 'ಮನುಷ್ಯ' ಎಂದಿಟ್ಟರೆ ಮುಖ ಹುಡುಕಿ, ಮುಖದಲ್ಲಿ ಕಣ್ಣು ಹುಡುಕಿ ಹಿಡಿಯುತ್ತದೆ. 'ಪ್ರಾಣಿ' ಎಂದಿಟ್ಟರೆ ಪ್ರಾಣಿಯ ಕಣ್ಣು. ಇದನ್ನು ಮಾಡಿದ ದೇಶದವರಿಗೆ ನಾಯಿ, ಬೆಕ್ಕು, ಕುದುರೆ ಗೊತ್ತಿತ್ತೇ ಹೊರತು ಎತ್ತು ಗೊತ್ತಿದ್ದಂತಿಲ್ಲ. ಕುದುರೆ ಎಂದುಕೊಂಡೋ ದೊಡ್ಡ ನಾಯಿ ಎಂದುಕೊಂಡೋ ಎತ್ತನ್ನೂ ಹಿಡಿಯುತ್ತಿತ್ತು. ನನಗೂ ಅಷ್ಟು ಸಾಕಿತ್ತು.

ಓಡುವುದನ್ನು ಹಿಡಿಯುವ ವಿದ್ಯೆ ಕಲಿಯಲು ಮದುವೆಗಳು ಸಾಲವು. ವಧೂವರರು ಓಡುವುದಿಲ್ಲ, ಓಡಿಹೋಗುವವರು ಫೋಟೋಗ್ರಾಫರನ್ನು ಕರೆಯುವುದಿಲ್ಲ. ಹಾಗಾಗಿ ಕೋಟೆ ಕಡೆ ಕೆಲಸವಿದ್ದಾಗಲೆಲ್ಲ ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ ಇಳಿದು, ಟೀ ಅಂಗಡಿಯ ಪಕ್ಕ ನಿಂತು, ತಿರುವಿನಲ್ಲಿ ನುಗ್ಗಿ ಬರುವ ಬಸ್ಸುಗಳ ಮೇಲೆ ಅಭ್ಯಾಸ ಮಾಡಿದೆ. ಇಡೀ ಪರದೆಯನ್ನು ಕ್ಯಾಮೆರಾಕ್ಕೆ ಬಿಟ್ಟುಕೊಟ್ಟರೆ ಅದು ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ, ನನಗೆ ಬೇಕಾದ್ದನ್ನಲ್ಲ. ಅದಕ್ಕೆ ಮಧ್ಯದ ಸಣ್ಣ ವಲಯವನ್ನು ಮಾತ್ರ ಕೊಡಲು ಕಲಿತೆ. ಬಸ್ಸಿನ ಮುಂದೆ ಸ್ಕೂಟರು ಅಡ್ಡ ಬಂದರೆ ಚೌಕ ಸ್ಕೂಟರಿಗೆ ಹಾರುತ್ತಿತ್ತು. ಎಷ್ಟು ಬೇಗ ಹಾರಬೇಕು ಎಂಬುದಕ್ಕೂ ಒಂದು ಅಳತೆಯಿದೆ, ಅದನ್ನು ತಗ್ಗಿಸಿದೆ. ಫೋಕಸ್ ಹಿಡಿಯುವ ಕೆಲಸವನ್ನು ಕ್ಲಿಕ್ ಗುಂಡಿಯಿಂದ ಕಿತ್ತು ಹಿಂದಿನ ಗುಂಡಿಗೆ, ಹೆಬ್ಬೆರಳಿಗೆ ಒಪ್ಪಿಸಿದೆ. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಮಾತು ಅರ್ಥವಾಯಿತು. ಓಡುವುದನ್ನು ಹಿಡಿದ ಚೌಕ ಅದರ ಜೊತೆ ಓಡುತ್ತದೆ, ನಡುಗುತ್ತದೆ. ಚೌಕ ಅಲ್ಲಾಡದೆ ಆರಾಮಾಗಿ ಕೂತಿದ್ದರೆ ಅದು ಬಸ್ಸನ್ನು ಬಿಟ್ಟು ಹಿಂದಿನ ಗೋಡೆಯನ್ನು ಹಿಡಿದಿದೆ ಎಂದರ್ಥ. ಇದನ್ನು ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೇನೆ.

ಬಸ್ಸಿನ ನಂತರ ಎತ್ತು. ಅಕ್ಕನನ್ನು ಕೊಟ್ಟಿರುವುದು ಕೆ.ಆರ್. ನಗರದಾಚೆ, ಭೇರ್ಯದ ಹತ್ತಿರದ ಹಳ್ಳಿಗೆ. ಭಾವನಿಗೆ ನಾಲೆ ನೀರಿನ ಗದ್ದೆ, ಒಂದಿಷ್ಟು ಕಬ್ಬು, ಮತ್ತು ಓಟಕ್ಕೆಂದೇ ಸಾಕಿದ ಒಂದು ಜೋಡಿ ಎತ್ತು. ಭಾವನ ಎಡಗೈಯ ಕಿರುಬೆರಳು ಹುಡುಗನಾಗಿದ್ದಾಗ ಆಲೆಮನೆಯ ಗಾಣಕ್ಕೆ ಸಿಕ್ಕಿ, ಮುರಿದು, ಸೊಟ್ಟಗೆ ಕೂಡಿಕೊಂಡಿದೆ. ಉಳಿದ ಬೆರಳುಗಳ ಜೊತೆ ಅದು ಸೇರುವುದೇ ಇಲ್ಲ. ಲೋಟ ಹಿಡಿದರೂ ಹೊರಗೆ, ಕೈಮುಗಿದರೂ ಹೊರಗೆ. ಅಕ್ಕನ ಮದುವೆಯ ಧಾರೆಯ ಫೋಟೋದಲ್ಲೂ ಆ ಬೆರಳು ಬೇರೆಯೇ ನಿಂತಿದೆ. ಆಗ ಚಿಕ್ಕವನಾಗಿದ್ದ ನಾನು ಅದನ್ನು ಆಡಿಕೊಂಡು ಅಮ್ಮನ ಕೈಲಿ ಏಟು ತಿಂದಿದ್ದೆ.

ಭಾನುವಾರಗಳಲ್ಲಿ ಅವರು ಕೊಯ್ದ ಗದ್ದೆಯಲ್ಲಿ ಗಾಡಿ ಕಟ್ಟಿ ಓಡಿಸುತ್ತಿದ್ದರು. ನಾನು ಬದುವಿನ ಮೇಲೆ ಅಂಗಾತ, ಬೋರಲು, ಮಂಡಿಯೂರಿ ಎಲ್ಲ ಅವತಾರ ಎತ್ತಿ ಕ್ಲಿಕ್ಕಿಸುತ್ತಿದ್ದೆ. ಮೊದಮೊದಲು ಎತ್ತು ದಾಟಿ ಹೋದ ಮೇಲೆ ಬರೀ ಬಾಲ ಸಿಗುತ್ತಿತ್ತು.

"ಏನ್ಲಾ ನಿನ್ ಚೌಕ? ಎತ್ತು ನುಗ್ಗಕ್ಕೆ ಮುಂಚೆ ಕಿವಿ ಇಂದಕ್ಕಾಕ್ತದೆ. ಆಗ್ಲೇ ಒತ್ತು. ಆಮ್ಯಾಕೆ ಒತ್ತುದ್ರೆ ಏನ್ ಬತ್ತದೆ?" ಎಂದರು ಭಾವ.

ಅವರು ಹೇಳಿದ್ದು ಸರಿ. ಕಿವಿ ನೋಡಿ ಒತ್ತಲು ಶುರುಮಾಡಿದ ಮೇಲೆ ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುವ ಯಂತ್ರಕ್ಕೂ ಅರ್ಥ ಬಂತು. ಕ್ಯಾಮೆರಾದ ಪುಸ್ತಕದಲ್ಲಿ ಇಲ್ಲದ ಆ ಪಾಠವನ್ನು ಕಲಿಸಿದವರು ಭಾವ.

ಅವರು ಎತ್ತಿಗೆ ಹೊಡೆದದ್ದನ್ನು ನಾನು ಕಂಡಿಲ್ಲ. ಬಲಗೈಯಲ್ಲಿ ಹಗ್ಗ, ಎಡಗೈ ಬಿಡಿಸಿ ಎಡದ ಎತ್ತಿನ ಪಿರ್ರೆಯ ಮೇಲೆ ಒಂದು ತಟ್ಟು, ಅಷ್ಟೆ. ಓಟಗಳಲ್ಲಿ ಕೆಲವರು ಬೆರಳ ಸಂದಿಯಲ್ಲಿ ಮೊಳೆ ಇಟ್ಟುಕೊಂಡು ಚುಚ್ಚುವುದುಂಟು. ಅದು ನಿಷೇಧ, ಸಿಕ್ಕಿಬಿದ್ದರೆ ಮತ್ತೆ ಯಾವ ಊರಿನವರೂ ಕಣಕ್ಕೆ ಬಿಡುವುದಿಲ್ಲ. "ಚುಚ್ಚಿ ಓಡ್ಸೋದಾದ್ರೆ ಎತ್ ಯಾಕೆ, ಟ್ರ್ಯಾಕ್ಟ್ರೇ ಸಾಕು ಬುಡು" ಎನ್ನುತ್ತಿದ್ದರು ಭಾವ.

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಪಿರಿಯಾಪಟ್ಟಣದ ಹತ್ತಿರ, ತಂಬಾಕು ಕಿತ್ತ ಹೊಲವೊಂದರಲ್ಲಿ ಓಟ ಇಟ್ಟಿದ್ದರು. ಹಿಂದಿನ ಸಲ ಯಾರು ಮೊದಲು ಗೆರೆ ದಾಟಿದರು ಎಂದು ಹೊಡೆದಾಟವಾಗಿದ್ದರಿಂದ ಸಮಿತಿಯ ಅಧ್ಯಕ್ಷರು ನನ್ನನ್ನು ಗೆರೆಯ ಪಕ್ಕ ನಿಲ್ಲಿಸಲು ಕರೆಸಿದರು. "ನೀವು ನಿಶ್ಚಿಂತೆಯಾಗಿರಿ, ನನ್ನ ಕ್ಯಾಮೆರಾದಿಂದ ಸೊಳ್ಳೆ ಕೂಡ ತಪ್ಪಿಸಿಕೊಳ್ಳೋದಿಲ್ಲ" ಎಂದು ನಾನು ಮೀಸೆ ತಿರುವಿದೆ.

ಎರಡೆರಡು ಗಾಡಿ ಅಕ್ಕಪಕ್ಕ ಓಡುವ ಸ್ಪರ್ಧೆ. ಹೊರಡುವ ಮುಂಚೆ ಪ್ರತಿ ಸವಾರನೂ ಗಾಡಿಯ ಮೇಲೆ ನಿಂತು ಎರಡೂ ಅಂಗೈ ಬಿಡಿಸಿ ಜನಕ್ಕೆ ತೋರಿಸಬೇಕು. ಮೊಳೆಯಿಲ್ಲ ಎಂಬುದಕ್ಕೆ ಅದೇ ಪ್ರಮಾಣ. ಭಾವ ಕೈ ತೋರಿಸಿದಾಗಲೆಲ್ಲ ಆ ಸೊಟ್ಟ ಬೆರಳು ನೋಡಿ ಯಾರೋ ಒಬ್ಬರು ನಗುತ್ತಿದ್ದರು, ಭಾವನೂ ನಗುತ್ತಿದ್ದರು. ನಾನು ಕಣದ ಎಡಬದಿಯಲ್ಲಿ ಒಬ್ಬನೇ. ಜನರೆಲ್ಲ ಬಲಬದಿಯ ಹಗ್ಗದಾಚೆ. ಅವರ ತಲೆಗಳ ಮೇಲೆ ಬಿದಿರು ನೆಟ್ಟು ಉದ್ದದ ಫ್ಲೆಕ್ಸ್ ಕಟ್ಟಿದ್ದರು. ಅಧ್ಯಕ್ಷರು, ಉಪಾಧ್ಯಕ್ಷರು, ಶುಭ ಕೋರುವವರು ಎಲ್ಲ ಸೇರಿ ಹದಿನೆಂಟು ಮುಖ, ಎಲ್ಲರೂ ಕೈಮುಗಿದವರೇ. ನನ್ನ ಹಿಂದೆ ದೂರದಲ್ಲಿ ವೇದಿಕೆ. ವೇದಿಕೆಯ ಮೇಲೆ ಕೂತವರಿಗೆ ತಮ್ಮ ತಮ್ಮ ಮುಖ ಕಾಣಲಿ ಎಂದು ಫ್ಲೆಕ್ಸ್ ಅನ್ನು ಇತ್ತ ತಿರುಗಿಸಿ ಕಟ್ಟಿದ್ದರು.

ಮಧ್ಯಾಹ್ನದವರೆಗೆ ಕೆಲಸ ಹೂವಿನಂತೆ ಸಾಗಿತು. ಆಯ್ಕೆ 'ಪ್ರಾಣಿ', ವಲಯ ಸಣ್ಣದು, ಹೆಬ್ಬೆರಳು ಗುಂಡಿಯ ಮೇಲೆ, ನನ್ನ ಕಣ್ಣು ಎತ್ತಿನ ಕಿವಿಯ ಮೇಲೆ. ಭಾವನ ಜೋಡಿ ಒಂದೊಂದೇ ಸುತ್ತು ಗೆದ್ದು ಫೈನಲ್‌ಗೆ ಬಂತು. ಅಷ್ಟರಲ್ಲಿ ಮೈಕಿನಲ್ಲಿ ನನ್ನನ್ನು ಕೂಗಿದರು. ಅತಿಥಿಗಳಿಗೆ ಶಾಲು ಹಾಕುತ್ತಾರೆ, ಫೋಟೋ ಆಗಬೇಕು. ಓಡಿದೆ. ಒಬ್ಬೊಬ್ಬರ ಶಾಲಿಗೂ ಇಪ್ಪತ್ತು ಜನ ನುಗ್ಗಿ ನಿಲ್ಲುತ್ತಿದ್ದರು. ಆಯ್ಕೆಯನ್ನು 'ಮನುಷ್ಯ' ಮಾಡಿದೆ, ವಲಯವನ್ನು ಇಡೀ ಪರದೆಗೆ ಹಿಗ್ಗಿಸಿದೆ. ಶಾಲು ಇನ್ನೂ ಮುಗಿದಿರಲಿಲ್ಲ, ಫೈನಲ್ ಹೊರಟಿತೆಂದು ಕೂಗು ಬಂತು. ಮತ್ತೆ ಗೆರೆಯ ಹತ್ತಿರ ಓಡಿ, ಏದುಸಿರು ಬಿಡುತ್ತಾ ಕ್ಯಾಮೆರಾ ಎತ್ತಿದೆ. ಆಯ್ಕೆ ಬದಲಿಸುವುದು ಮರೆತೆ.

ಭಾವ ನನ್ನ ಕಡೆಯ ಸಾಲಿನಲ್ಲಿ, ಧೂಳಿಗೆ ಮೂಗಿನ ಮೇಲೆ ಟವೆಲ್ ಬಿಗಿದು, ತಲೆ ತಗ್ಗಿಸಿ ಬರುತ್ತಿದ್ದರು. ಅವರ ಮುಖ ಕ್ಯಾಮೆರಾಕ್ಕೆ ಸಿಗಲಿಲ್ಲ. ಮುಖ ಹುಡುಕುವ ಯಂತ್ರಕ್ಕೆ ಎದುರಿಗೆ ಹದಿನೆಂಟು ಮುಖ ಕೈಮುಗಿದು ನಿಂತಿದ್ದವು. ಎಡದ ಎತ್ತಿನ ಕಿವಿ ಹಿಂದಕ್ಕೆ ಹೋದದ್ದು ಕಂಡಿತು, ಒತ್ತಿದೆ. ಚೌಕ ಹಸಿರಾಗಿ, ಒಂದಿಷ್ಟೂ ಅಲುಗಾಡದೆ ಕೂತಿತ್ತು. ಎಷ್ಟು ಗಟ್ಟಿಯಾಗಿ ಹಿಡಿದಿದೆ ನೋಡು ಎಂದು ನಾನು ಒಳಗೇ ಬೀಗಿದೆ. ಹ್ಯಾಂಡ್‌ಪೋಸ್ಟಿನ ಬಸ್ಸುಗಳು ಕಲಿಸಿದ ಪಾಠ ಆ ಹೊತ್ತಿಗೆ ನೆನಪಿಗೆ ಬರಲಿಲ್ಲ.

ಭಾವನ ಗಾಡಿ ಅರ್ಧ ಎತ್ತಿನಷ್ಟು ಮುಂದಿತ್ತು. ಅದನ್ನು ಎಲ್ಲರೂ ಕಂಡರು, ತಕರಾರಿರಲಿಲ್ಲ. ಹಲಗೆ ಬಡಿದರು, ಭಾವನನ್ನು ಹೆಗಲ ಮೇಲೆ ಹೊತ್ತರು. ನಾನು ನೆರಳು ಹುಡುಕಿಕೊಂಡು ಹೋಗಿ ಚಿತ್ರಗಳನ್ನು ನೋಡಿದೆ. ಮೊದಲನೆಯದರಲ್ಲಿ ಅಧ್ಯಕ್ಷರ ಫ್ಲೆಕ್ಸ್ ಮುಖ, ಮೀಸೆಯ ಒಂದೊಂದು ಕೂದಲೂ ಎಣಿಸುವ ಹಾಗೆ. ಮುಂದೆ ಗಾಡಿ ಇದ್ದ ಜಾಗದಲ್ಲಿ ಕಂದು ಬಣ್ಣದ ರಾಡಿ. ಎರಡನೆಯದು ಹಾಗೇ. ಹತ್ತನೆಯದೂ ಹಾಗೇ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದರ ಜೊತೆಗೆ ನಾಚಿಕೆ ಬೇರೆ. ಭಾವ ಗೆದ್ದ ಓಟ, ಅದೊಂದೇ ಕೆಟ್ಟಿತಲ್ಲ ಎಂದು ಕಣ್ಣಲ್ಲಿ ನೀರು ಬಂತು. ಯಾರಾದರೂ ಇಣುಕಿ ನೋಡುವ ಮುಂಚೆ ಆ ಇಡೀ ಸರಣಿಯನ್ನು ಆರಿಸಿ ಅಳಿಸಿಬಿಟ್ಟೆ. ಹೊಸಿಲು ದಾಟಬಾರದ ಫೋಟೋಗಳನ್ನು ಅಳಿಸಿ ಅಭ್ಯಾಸವಾಗಿದ್ದ ಬೆರಳು ಒಂದು ಕ್ಷಣವೂ ಅನುಮಾನಿಸಲಿಲ್ಲ.

ಹತ್ತು ನಿಮಿಷವೂ ಆಗಿರಲಿಲ್ಲ, ಸೋತ ಜೋಡಿಯ ಕಡೆಯವರು ಕೂಗೆಬ್ಬಿಸಿದರು. ಭಾವನ ಎಡದ ಎತ್ತಿನ ಪಿರ್ರೆಯ ಮೇಲೆ ರಕ್ತ. ಒಂದು ರೂಪಾಯಿ ಅಗಲದ ಕಲೆ, ಕೆಳಗೆ ಒಂದು ಎಳೆ ಇಳಿದಿತ್ತು.

"ಮೊಳೆ ಆಕವ್ನೆ! ಕೈ ನೋಡ್ರಿ, ಕೈ ನೋಡ್ರಿ!"

ಭಾವ ಕೈ ತೋರಿಸಿದರು. ಎಡ ಅಂಗೈಗೂ ರಕ್ತ ಅಂಟಿತ್ತು. "ಉಣ್ಣೆ ಕಣ್ರಪ್ಪಾ, ತಟ್ಟುದಾಗ ಉಣ್ಣೆ ಒಡ್ದದೆ. ನೋಡ್ರಿ ಇಲ್ಲಿ" ಎಂದು ಎತ್ತಿನ ಕೂದಲು ಬಿಡಿಸಿ ತೋರಿಸಲು ಹೋದರು. ರಕ್ತ ಕುಡಿದು ಊದಿದ ಉಣ್ಣೆಹುಳ ಒಡೆದರೆ ಹಾಗೇ ಆಗುತ್ತದೆ ಎಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತು. ಆದರೂ ಜನ ನಕ್ಕರು. ಮೊಬೈಲುಗಳು ಹೊರಬಂದವು. ಎಲ್ಲರೂ ಬಲಗಡೆಯಿಂದ ಹಿಡಿದವರು, ಮಧ್ಯೆ ಇನ್ನೊಂದು ಗಾಡಿ ಅಡ್ಡ. ವೇದಿಕೆಯವರಿಗೆ ಧೂಳು ಬಿಟ್ಟು ಬೇರೇನೂ ಕಂಡಿರಲಿಲ್ಲ. ಆಗ ಅಧ್ಯಕ್ಷರು ಮೈಕ್ ಹಿಡಿದು, "ಗಲಾಟೆ ಬೇಡ. ಎಡಗಡೆ ನಮ್ಮ ಫೋಟೋಗ್ರಾಫರ್ ಇದ್ರು. ಅವರ ಕ್ಯಾಮೆರಾದಲ್ಲಿ ಕೈ ಬಂದೇ ಬಂದಿರ್ತದೆ" ಎಂದರು.

ಭಾವ ನನ್ನ ಕಡೆ ತಿರುಗಿ ಮುಗುಳ್ನಕ್ಕರು. ಇನ್ನೇನು ಭಯವಿಲ್ಲ ಎನ್ನುವ ನಗು.

"ಫೈನಲ್‌ದು ಇಲ್ಲ" ಎಂದೆ. "ಫೋಕಸ್ ಆಗಿರಲಿಲ್ಲ, ಅಳಿಸಿದೆ."

ಗುಂಪಿನಲ್ಲಿ ಒಬ್ಬ, "ಇವ್ರು ಅವ್ನ ಬಾಮೈದ ಅಲ್ವಾ?" ಎಂದ. ಮತ್ತೊಬ್ಬ, "ಬೆಳಿಗ್ಗಿಂದ ಎಲ್ಲಾ ಆಗೈತೆ, ಅದೊಂದೇ ಆಗ್ಲಿಲ್ವಾ ಸ್ವಾಮಿ?" ಎಂದ. ಬೆಳಗ್ಗಿನದೆಲ್ಲ ನಿಜವಾಗಿಯೂ ಚೆನ್ನಾಗಿಯೇ ಬಂದಿತ್ತು. ಕಣ್ಣಾರೆ ಏನು ಕಂಡಿರಿ ಹೇಳಿ ಎಂದು ಅಧ್ಯಕ್ಷರು ಕೇಳಿದರು. ನಾನು ಕಂಡದ್ದು ಹಸಿರು ಚೌಕ. ಎತ್ತಿನ ಕಿವಿ ಕಂಡಿದ್ದೆ, ಆಮೇಲೆ ಚೌಕವನ್ನೇ ನೋಡುತ್ತಿದ್ದೆ, ಕೈ ಕಂಡಿರಲಿಲ್ಲ. "ನಾನು ನೋಡಲಿಲ್ಲ" ಎಂದೆ. ಅದು ಸತ್ಯ. ಸತ್ಯ ಹೇಳಿದವನ ಮುಖ ಹೇಗಿರಬೇಕೋ ಹಾಗೆ ನನ್ನ ಮುಖವಿರಲಿಲ್ಲ.

ಗೆಲುವನ್ನು ಇನ್ನೊಂದು ಜೋಡಿಗೆ ಕೊಟ್ಟರು. ಓಟ ನಡೆಸುವವರೆಲ್ಲ ಇರುವ ವಾಟ್ಸಾಪ್ ಗುಂಪಿನಲ್ಲಿ ಭಾವನ ಗಾಡಿಯ ಫೋಟೋ ಹಾಕಿ, ಇವರನ್ನು ಇನ್ನು ಕಣಕ್ಕೆ ಬಿಡಬೇಡಿ ಎಂದು ಬರೆದರು. ಬೆಳಿಗ್ಗೆ ನಾನೇ ತೆಗೆದು ಸಮಿತಿಗೆ ಕಳಿಸಿದ್ದ ಫೋಟೋ ಅದು, ಬಹಳ ಸ್ಪಷ್ಟವಾಗಿತ್ತು. ಭಾವ ಎತ್ತುಗಳನ್ನು ಟೆಂಪೋಗೆ ಹತ್ತಿಸುವಾಗ ನಾನು ಹತ್ತಿರ ಹೋದೆ. ಅವರು ನನ್ನತ್ತ ನೋಡಲಿಲ್ಲ. ಹಗ್ಗ ಕಟ್ಟುತ್ತಲೇ, "ನೀನು ಓಯ್ತಾ ಇರು" ಎಂದರು.

ಅಳಿಸಿದ ಚಿತ್ರಗಳನ್ನು ಕಾರ್ಡಿನಿಂದ ಹೊರತೆಗೆಯುವ ಸಾಫ್ಟ್‌ವೇರ್ ನನ್ನ ಅಂಗಡಿಯಲ್ಲೇ ಇದೆ. ಊರವರ ಕಾರ್ಡುಗಳನ್ನೆಲ್ಲ ನಾನೇ ಉಳಿಸಿಕೊಟ್ಟಿದ್ದೇನೆ. ಆದರೆ ನನ್ನ ಕಾರ್ಡಿಗೆ ಅದನ್ನು ಹಾಕಲಿಲ್ಲ. ಮಸುಕಾಗಿವೆ, ಬಂದರೂ ಏನು ಪ್ರಯೋಜನ ಎಂದುಕೊಂಡೆ. ಅದೇ ಕಾರ್ಡಿನಲ್ಲಿ ಮೂರು ಮದುವೆ ತೆಗೆದೆ. ಭಾವನಿಗೆ ಫೋನ್ ಮಾಡಿದರೆ ಅಕ್ಕ ಎತ್ತುತ್ತಿದ್ದಳು, ಗದ್ದೆಗೆ ಹೋಗಿದ್ದಾರೆ ಎನ್ನುತ್ತಿದ್ದಳು. ನಾನೂ ಹೆಚ್ಚು ಕೇಳಲಿಲ್ಲ. ಹೇಡಿತನಕ್ಕೆ ಕೆಲಸದ ನೆಪ ಒಳ್ಳೆಯದು.

ಎರಡು ತಿಂಗಳ ಮೇಲೆ ಅಕ್ಕನೇ ಫೋನ್ ಮಾಡಿದಳು. ಭಾವ ಜೋಡಿ ಒಡೆದಿದ್ದರು. ಬಲದ ಎತ್ತನ್ನು ಕೋಟೆ ಕಡೆಯವರಿಗೆ ಕೊಟ್ಟುಬಿಟ್ಟಿದ್ದರು.

"ಊರೋರು ಅಂದುದ್ದಕ್ಕೆ ಅಲ್ಲ ಕಣೋ. ನೀನು ಮೊಳೆ ನೋಡ್ಬುಟ್ಟು, ನಮ್ ಮಾನ ಉಳ್ಸಕ್ಕೆ ಅಳ್ಸಿದ್ದೀಯ ಅಂತ ಅವ್ರಿಗೆ ಅನ್ಸಿದೆ. ನನ್ ಬಾಮೈದನೇ ನನ್ನ ಕಳ್ಳ ಅನ್ಕೊಂಡ ಅಂತ ಉಣ್ಣಕ್ ಕೂತಾಗೆಲ್ಲ ಅದೇ ಮಾತು."

ಇದು ನನಗೆ ಹೊಳೆದೇ ಇರಲಿಲ್ಲ. ಸೆಕೆಂಡಿಗೆ ಇಪ್ಪತ್ತು ಸಲ ನೋಡುವವನಿಗೆ ಎರಡು ತಿಂಗಳಾದರೂ ಕಂಡಿರಲಿಲ್ಲ. ಅವತ್ತು ಅಂಗಡಿಯ ಬಾಗಿಲು ಎಳೆದುಕೊಂಡು ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆ. ಮೂರು ಮದುವೆಗಳ ಕೆಳಗಿಂದ ಹನ್ನೊಂದು ಚಿತ್ರ ಎದ್ದು ಬಂದವು, ಹಲವು ಅರ್ಧ ಹರಿದಂತೆ ಬೂದು ಬಣ್ಣ. ಒಂದು ಪೂರ್ತಿಯಾಗಿತ್ತು. ಹಿಂದೆ ಅಧ್ಯಕ್ಷರ ಮುಖ, ಮೀಸೆ. ಮುಂದೆ ಎತ್ತಿನ ಪಿರ್ರೆ, ಅದರ ಮೇಲಿಂದ ಆಗತಾನೇ ಎದ್ದ ಒಂದು ಕೈ. ಮಸುಕು, ಅಂಚೇ ಇಲ್ಲದ ಮಸುಕು. ಆದರೆ ಐದು ಬೆರಳೂ ಬೇರೆ ಬೇರೆ ಬಿಡಿಸಿಕೊಂಡಿದ್ದವು, ಅಂಗೈ ಬರಿದಾಗಿತ್ತು, ಕಿರುಬೆರಳು ಸೊಟ್ಟಗೆ ಹೊರಗೆ ನಿಂತಿತ್ತು. ಮೊಳೆ ಹಿಡಿದ ಕೈ ಹಾಗೆ ಬಿಚ್ಚಿಕೊಳ್ಳಲಾರದು. ಚಿಕ್ಕ ಮಗುವಿಗೂ ಅದು ಗೊತ್ತಾಗುತ್ತದೆ. ಅವತ್ತು ನೆರಳಿನಲ್ಲಿ ನಿಂತು ಇದೇ ಚಿತ್ರವನ್ನು ನಾನು ನೋಡಿದ್ದೆ. ಫೋಕಸ್ ಇದೆಯೋ ಇಲ್ಲವೋ ಎಂಬುದನ್ನಷ್ಟೇ ನೋಡಿದ್ದೆ.

ಪ್ರಿಂಟ್ ಹಾಕಿಸಿ ಮೊದಲು ಪಿರಿಯಾಪಟ್ಟಣಕ್ಕೆ ಹೋದೆ. ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು.

"ಅವತ್ತೇ ತೋರ್ಸಿದ್ರೆ ಅವತ್ತೇ ಮುಗ್ದೋಗೋದು. ಈಗ ಎರಡು ತಿಂಗಳಾದ್ಮೇಲೆ ತಂದ್ರೆ ಯಾರ್ ನಂಬ್ತಾರೆ ಏಳಿ? ಈಗ ಮೊಬೈಲಲ್ಲೇ ಬೆರಳು ಕೂಡ್ಸ್ತಾರೆ. ಒಂದೊಂದ್ಸಲ ಆರು ಬೆರಳೂ ಬತ್ತವೆ."

ಅವರು ಕೆಟ್ಟವರಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆನೇನೋ. ಪ್ರಿಂಟ್ ವಾಪಸ್ ಕೊಡುವ ಮುಂಚೆ ಅವರು ಇನ್ನೊಮ್ಮೆ ನೋಡಿ, "ನಾನು ಚೆನ್ನಾಗಿ ಬಂದಿದ್ದೀನಿ ಅಲ್ವಾ? ಇದೊಂದು ನನಗೆ ಕಳ್ಸಿ" ಎಂದರು.

ಮಾರನೆಯ ದಿನ ಬೆಳಿಗ್ಗೆ ಭೇರ್ಯದ ಬಸ್ಸು ಹತ್ತಿದೆ. ಭಾವ ಹಟ್ಟಿಯ ಮುಂದೆ ಎತ್ತಿಗೆ ಹುಲ್ಲು ಹಾಕುತ್ತಿದ್ದರು. ಎರಡು ಗೂಟ, ಒಂದು ಎತ್ತು. ಅದು ಖಾಲಿ ಗೂಟದ ಕಡೆಗೇ ತಿರುಗಿ ಮಲಗಿತ್ತು. ನಾನು ಏನೇನೋ ಮಾತು ಜೋಡಿಸಿಕೊಂಡು ಹೋಗಿದ್ದೆ. ಆಯ್ಕೆ 'ಮನುಷ್ಯ'ಕ್ಕೆ ಇತ್ತು, ವಲಯ ದೊಡ್ಡದಾಗಿತ್ತು, ಫ್ಲೆಕ್ಸಿನಲ್ಲಿ ಮುಖಗಳಿದ್ದವು ಎಂದೆಲ್ಲ. ಅದನ್ನೆಲ್ಲ ಬಿಟ್ಟು ಪ್ರಿಂಟ್ ಕೈಗೆ ಕೊಟ್ಟೆ.

ಅವರು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹುಲ್ಲಿನ ಧೂಳಿದ್ದ ಎಡಗೈಯನ್ನು ಪಂಚೆಗೆ ಒರೆಸಿ, ಚಿತ್ರದ ಪಕ್ಕ ಇಟ್ಟು, ಬೆರಳು ಬಿಡಿಸಿ ನೋಡಿದರು.

"ಇದ್ನಾ ಅಳ್ಸಿದ್ದು?"

"ಹೂಂ ಭಾವ."

"ಮೊಳೆ ಕಾಣ್ತು ಅಂತ ಅಲ್ವಾ?"

"ಅಲ್ಲ ಭಾವ. ನೀವು ಹಾಗೆ ಮಾಡೋರಲ್ಲ ಅಂತ ನನಗೆ ಗೊತ್ತು. ಚೆನ್ನಾಗಿ ಬಂದಿಲ್ಲ ಅಂತ ಅಳಿಸಿದೆ."

ಅವರಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವರ ಮುಖ ಇನ್ನಷ್ಟು ಬಾಡಿತು. ನಾನು ಅವರನ್ನು ಕಳ್ಳ ಎಂದುಕೊಂಡು ಅಳಿಸಿದ್ದರೆ ಅದರಲ್ಲಿ ಅವರ ಮೇಲಿನ ಪ್ರೀತಿಯಾದರೂ ಇರುತ್ತಿತ್ತು. ಇದರಲ್ಲಿ ಅದೂ ಇರಲಿಲ್ಲ. ಅವರು ಪ್ರಿಂಟನ್ನು ನನ್ನ ಕೈಗೆ ವಾಪಸ್ ಇಟ್ಟರು.

"ಇಷ್ಟ್ ಮಸಕಾಗಿದ್ರೂ ನನ್ ಕೈ ನಂಗೆ ಗೊತ್ತಾಗ್ತದೆ ಕಣ್ಲಾ" ಎಂದರು. "ನಿಂಗೆ ಗೊತ್ತಾಗ್ಲಿಲ್ವಾ?"